ಉದ್ಘಾಟನೆಗೆ ಮೂವರೂ ಬಂದಿದ್ದರು, ಕೆಟ್ಟ ಮೇಲೆ ಒಬ್ಬರೂ ಇಲ್ಲ: ನೀರಿನ ಘಟಕದ ಯಜಮಾನ ಯಾರು?

ಬಿಂದಿಗೆ_ಬಾಗೇಪಲ್ಲಿ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳದೆ ಓದಿ.

ನಮ್ಮದು ಬಾಗೇಪಲ್ಲಿ ತಾಲ್ಲೂಕಿನ ಒಂದು ಸಣ್ಣ ಊರು. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್. ಶಾಲೆ ಮಕ್ಕಳು ನಕ್ಕರೆ ಹಲ್ಲಿನ ಮೇಲೆ ಕಂದು ಗೆರೆ ಕಾಣುತ್ತದೆ. ನಮ್ಮಮ್ಮ ಮಂಡಿ ಮಡಚಿ ಕೂತು ವರ್ಷಗಳೇ ಆದವು. 2021ರ ಡಿಸೆಂಬರಿನಲ್ಲಿ ಬೆಂಗಳೂರಿನ ಒಂದು ಕಂಪನಿ ಸಿಎಸ್‌ಆರ್ (ಕಂಪನಿಗಳು ಸಮಾಜದ ಕೆಲಸಕ್ಕೆ ತೆಗೆದಿಡುವ) ದುಡ್ಡಿನಲ್ಲಿ ಶುದ್ಧ ನೀರಿನ ಘಟಕ ಹಾಕಿಸಿತು. ಜಾಗ, ಬೋರ್‌ವೆಲ್ ಪಂಚಾಯಿತಿಯದ್ದು. ನಡೆಸುವುದು ಒಂದು ಸ್ವಯಂಸೇವಾ ಸಂಸ್ಥೆ. 5 ರೂಪಾಯಿ ಕಾಯಿನ್ ಹಾಕಿದರೆ 20 ಲೀಟರ್ ಕ್ಯಾನ್ ತುಂಬುತ್ತಿತ್ತು. ಶಾಮಿಯಾನ, ಮೈಸೂರು ಪೇಟ, ಫೋಟೋ ಎಲ್ಲಾ ಆಯಿತು. ಗೋಡೆ ಮೇಲೆ ದೊಡ್ಡ ಬೋರ್ಡು, ಅದರಲ್ಲಿ 6 ಮತ್ತು 17 ಎಂದು ಬರೆದ ಬಣ್ಣದ ಚೌಕಗಳು. ನಮ್ಮೂರಿನ ಅಜ್ಜ ಒಬ್ಬರು ಬಸ್ ನಂಬರ್ ಇರಬೇಕು ಅಂದುಕೊಂಡಿದ್ದರು.

ಮೂರು ವರ್ಷ ಚೆನ್ನಾಗಿ ನಡೆಯಿತು, ಸುಳ್ಳು ಹೇಳಬಾರದು. 2025ರ ಮಾರ್ಚ್ ಕೊನೆಗೆ ಸಂಸ್ಥೆಯ ಹುಡುಗ "ಪ್ರಾಜೆಕ್ಟ್ ಮುಗೀತು ಅಣ್ಣಾ" ಅಂತ ಬ್ಯಾಗ್ ಏರಿಸಿಕೊಂಡು ಹೋದ. ಅವನು ಹೋದ ಮೂರನೇ ದಿನ ಮೆಷಿನ್ ನಿಂತಿತು. ಐದು ತಿಂಗಳಾಯಿತು. ಕಂಪನಿಗೆ ಫೋನ್ ಮಾಡಿದರೆ "ಪಂಚಾಯಿತಿಗೆ ಒಪ್ಪಿಸಿದ್ದೇವೆ". ಪಂಚಾಯಿತಿಗೆ ಹೋದರೆ "ನಮ್ಮ ಲೆಕ್ಕದಲ್ಲೇ ಇಲ್ಲ". ಸಂಸ್ಥೆಯವರು "ನಮಗೆ ಈಗ ಫಂಡ್ ಇಲ್ಲ". ಈಗ ಪೇಟೆಯಿಂದ ಆಟೋದಲ್ಲಿ 30 ರೂಪಾಯಿಗೆ ಒಂದು ಕ್ಯಾನ್ ತರಿಸುತ್ತಿದ್ದೇವೆ. ತರಿಸಲು ಆಗದವರು ಮತ್ತೆ ಬೋರ್ ನೀರೇ ಕುಡಿಯುತ್ತಿದ್ದಾರೆ.

ಸರ್ಕಾರ, ಕಂಪನಿ, ಸಂಸ್ಥೆ ಮೂರೂ ಸೇರಿ ಮಾಡಿದರೆ ಕೆಲಸ ಗಟ್ಟಿ ಆಗುತ್ತದೆ ಎನ್ನುತ್ತಾರಲ್ಲ, ಎಲ್ಲಾದರೂ ಹಾಗೆ ಆಗಿದೆಯಾ? ನಾವು ಈಗ ಯಾರ ಬಾಗಿಲು ತಟ್ಟಬೇಕು?

ಟೀ_ಅಂಗಡಿ

ಮೂರು ಜನರ ಎಮ್ಮೆಗೆ ಹುಲ್ಲು ಹಾಕುವವರಿಲ್ಲ, ಹಾಲು ಕರೆಯೋಕೆ ಮಾತ್ರ ಎಲ್ಲರೂ.

ಹುಬ್ಬಳ್ಳಿ_ಮಂದಿ

ಇದ್ರಾಗ ಏನ್ ಆಶ್ಚರ್ಯ ಐತ್ರಿ? ಕಂಪನಿಗೆ ಫೋಟೋ ಬೇಕಿತ್ತು, ಸಿಕ್ತು. ನೀರು ಕೊಡೋದು ಸರ್ಕಾರದ ಕೆಲಸ. ತೆರಿಗೆ ಯಾಕ ಕಟ್ತೀವಿ ನಾವು? ಕಂಪನಿ ಮುಂದ ಕೈ ಚಾಚಿದ್ದ ತಪ್ಪು.

ಸುಮ್ನೆ_ಓದುಗ

ಅಲ್ಲಿವರೆಗೆ ನೀರನ್ನು ಚೆನ್ನಾಗಿ ಕುದಿಸಿ ಆರಿಸಿ ಕುಡಿಯಿರಿ ಸರ್.

ಲೆಕ್ಕದ_ಮೇಷ್ಟ್ರು

ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಫ್ಲೋರೈಡ್ ಇನ್ನೂ ಜಾಸ್ತಿ ಆಗುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಲು ಬಾರದು. ಮಳೆ ನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಶಾಲೆಯ ಮೇಲ್ಛಾವಣಿ ನೀರನ್ನಾದರೂ ಹಿಡಿದಿಟ್ಟರೆ ಮಕ್ಕಳಿಗೆ ಕೆಲವು ತಿಂಗಳು ನಡೆಯುತ್ತದೆ.

ಸುಮ್ನೆ_ಓದುಗ

ಗೊತ್ತಿರಲಿಲ್ಲ ಮೇಷ್ಟ್ರೇ. ಇನ್ನು ಮೇಲೆ ಹೆಸರಿಗೆ ತಕ್ಕ ಹಾಗೆ ಸುಮ್ಮನೆ ಓದುತ್ತೇನೆ.

ಸಿಎಸ್‌ಆರ್_ಕೂಲಿ

ನಾನು ಬೇರೊಂದು ಕಂಪನಿಯ ಸಿಎಸ್‌ಆರ್ ವಿಭಾಗದಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಬೈಯ್ಯಿರಿ, ಅಭ್ಯಾಸ ಇದೆ. ಆದರೆ ಮೂರು ವರ್ಷಕ್ಕೇ ಯಾಕೆ ಎದ್ದು ಹೋದರು ಅಂತ ಹೇಳುತ್ತೇನೆ.

2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ 2% ಖರ್ಚು ಮಾಡಬೇಕು. ಹಲವು ವರ್ಷ ನಡೆಯುವ ಕೆಲಸಕ್ಕೆ "ಚಾಲ್ತಿ ಯೋಜನೆ" ಎಂಬ ಹೆಸರಿದೆ. ಶುರುವಾದ ಹಣಕಾಸು ವರ್ಷ ಬಿಟ್ಟು ಮೂರು ವರ್ಷ, ಅಷ್ಟೇ ಗಡುವು. ನಿಮ್ಮದು 2021-22ರಲ್ಲಿ ಶುರು. ಲೆಕ್ಕ ಹಾಕಿ, ಸರಿಯಾಗಿ 2025ರ ಮಾರ್ಚ್ 31. ಹುಡುಗ ಅವತ್ತೇ ಬ್ಯಾಗ್ ಏರಿಸಿದ್ದು ಸುಮ್ಮನೆ ಅಲ್ಲ. ಹೊಸ ಯೋಜನೆ ಅಂತ ಮತ್ತೆ ಮಂಜೂರು ಮಾಡಿಸಬಹುದಿತ್ತು, ಕಾನೂನು ಅಡ್ಡ ಬರುವುದಿಲ್ಲ. ಆದರೆ ರಿಪೇರಿಗೆ ದುಡ್ಡು ಕೇಳಿದರೆ ಕಂಪನಿ ನಿರ್ದೇಶಕರ ಮುಖ ಸಣ್ಣಗಾಗುತ್ತದೆ. ಹೊಸ ಘಟಕ ಅಂದರೆ ಅರಳುತ್ತದೆ.

ಇನ್ನೊಂದು ವಿಷಯ. 2021ರಿಂದ ಸಿಎಸ್‌ಆರ್ ದುಡ್ಡಿನಲ್ಲಿ ಕಟ್ಟಿದ ಆಸ್ತಿಯನ್ನು ಕಂಪನಿ ತನ್ನ ಹೆಸರಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ನೋಂದಾಯಿತ ಟ್ರಸ್ಟ್ ಅಥವಾ ಸಂಘ, ಫಲಾನುಭವಿಗಳ ಸ್ವಸಹಾಯ ಗುಂಪು, ಇಲ್ಲವೇ ಸರ್ಕಾರಿ ಸಂಸ್ಥೆ, ಇಂಥವರ ಹೆಸರಲ್ಲೇ ಇರಬೇಕು. ಯಾರ ಹೆಸರು ಅಂತ ಕಂಪನಿಯ ವಾರ್ಷಿಕ ವರದಿಯ ಸಿಎಸ್‌ಆರ್ ಪುಟದಲ್ಲಿ ಪಿನ್‌ಕೋಡ್ ಸಮೇತ ಬರೆಯಬೇಕು. ವರದಿ ಅವರ ವೆಬ್‌ಸೈಟಿನಲ್ಲೇ ಇರುತ್ತದೆ. ಮೊದಲು ಅದನ್ನು ನೋಡಿ.

ಹುಬ್ಬಳ್ಳಿ_ಮಂದಿ

ಅಂದ್ರ ಕಾನೂನ ಹೇಳ್ತದ, ಮೂರು ವರ್ಷಕ್ಕ ಓಡಿ ಹೋಗ್ರಿ ಅಂತ. ಛಲೋ ಆತು.

ಸಿಎಸ್‌ಆರ್_ಕೂಲಿ

ಹಾಗೆ ಹೇಳಲಿಲ್ಲ ಸರ್. ಗಡುವು ಇರುವುದು ದುಡ್ಡು ಕೊಳೆಯದಿರಲಿ ಅಂತ. ಹೋಗುವ ಮುಂಚೆ ಯಾರ ಕೈಗೆ ಕೊಡಬೇಕು ಅನ್ನುವುದನ್ನು ಮೊದಲ ದಿನವೇ ಬರೆಯಬೇಕಿತ್ತು. ಅದು ನಮ್ಮವರ ತಪ್ಪೇ, ಒಪ್ಪುತ್ತೇನೆ.

ಲಸಿಕೆ_ಅಕ್ಕ

ಎಲ್ಲಾದರೂ ಆಗಿದೆಯಾ ಅಂತ ಕೇಳಿದ್ದೀರಿ. ನಾನು ಆರೋಗ್ಯ ಇಲಾಖೆಯಲ್ಲಿ ಎಎನ್‌ಎಂ (ಹಳ್ಳಿಗಳ ನರ್ಸ್) ಆಗಿ ನಿವೃತ್ತಳಾದವಳು. ಪೋಲಿಯೊ ನೋಡಿ.

1985ರಲ್ಲಿ ರೋಟರಿಯವರು ಈ ಕೆಲಸ ಎತ್ತಿಕೊಂಡರು. 1988ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್, ಅಮೆರಿಕದ ರೋಗ ನಿಯಂತ್ರಣ ಕೇಂದ್ರ (ಸಿಡಿಸಿ) ಎಲ್ಲಾ ಸೇರಿದವು. ಆಗ ಪ್ರಪಂಚದಲ್ಲಿ ವರ್ಷಕ್ಕೆ ಮೂರೂವರೆ ಲಕ್ಷ ಮಕ್ಕಳಿಗೆ ಪೋಲಿಯೊ ಬರುತ್ತಿತ್ತು. ನಮ್ಮಲ್ಲಿ ಪಲ್ಸ್ ಪೋಲಿಯೊ ಶುರುವಾಗಿದ್ದು 1995ರಲ್ಲಿ. ಭಾನುವಾರ ಬೆಳಿಗ್ಗೆ ಐಸ್ ಪ್ಯಾಕ್ ತುಂಬಿದ ಡಬ್ಬ ಹೆಗಲಿಗೆ ಹಾಕಿಕೊಂಡು ಹೊರಟರೆ ಸಂಜೆಗೆ ಭುಜ ಬಿದ್ದು ಹೋಗುತ್ತಿತ್ತು. ಎರಡು ಹನಿ ಬಾಯಿಗೆ, ಎಡಗೈ ಕಿರುಬೆರಳಿಗೆ ಇಂಕು. ಸೋಮವಾರದಿಂದ ಮನೆಮನೆಗೆ ಹೋಗಿ ಇಂಕು ಇಲ್ಲದ ಬೆರಳು ಹುಡುಕುವುದು. ಕೆಲವು ಮಕ್ಕಳು ಇಂಕು ಇಷ್ಟ ಅಂತ ಎರಡನೇ ಸಲ ಬಂದು ಬಾಯಿ ತೆರೆಯುತ್ತಿದ್ದವು! ರೋಟರಿಯವರು ನಮಗೆ ಊಟದ ಪ್ಯಾಕೆಟ್ ತರುತ್ತಿದ್ದರು, ತಮ್ಮ ಕಾರನ್ನೇ ಕೊಡುತ್ತಿದ್ದರು.

2009ರಲ್ಲಿ ಭಾರತದಲ್ಲಿ 741 ಪ್ರಕರಣ. 2010ರಲ್ಲಿ 42. 2011ರಲ್ಲಿ ಒಂದೇ ಒಂದು, ಜನವರಿ 13ಕ್ಕೆ, ಪಶ್ಚಿಮ ಬಂಗಾಳದ ಹೌರಾದಲ್ಲಿ. ಆಮೇಲೆ ಇಲ್ಲ. 2014ರ ಮಾರ್ಚ್ 27ಕ್ಕೆ ಪ್ರಮಾಣಪತ್ರ ಸಿಕ್ಕಿತು. ಹಾಗಾಗಿ ಸೇರಿ ಮಾಡಿದರೆ ಆಗುವುದೇ ಇಲ್ಲ ಅನ್ನಬೇಡಿ.

ಹುಬ್ಬಳ್ಳಿ_ಮಂದಿ

ಅಕ್ಕಾರ, ನಮಸ್ಕಾರ. ಆದ್ರ ನೀವು ನನ್ನ ಮಾತನ್ನ ಹೇಳಿದ್ರಿ. ಅಲ್ಲಿ ಯಜಮಾನಿಕಿ ಸರ್ಕಾರದ್ದ ಇತ್ತು. ಡಬ್ಬ ಹೊತ್ತಾಕಿ ಸರ್ಕಾರದ ನೌಕರಳು. ಉಳಿದವರು ಕೈ ಜೋಡಿಸಿದರು. ಇಲ್ಲೆ ಹಂಗ ಇಲ್ಲ. ಇಲ್ಲೆ ಸರ್ಕಾರ ಬರೀ ಜಾಗ ಕೊಟ್ಟು ಕೈ ತೊಳಕೊಂಡೈತಿ.

ಲಸಿಕೆ_ಅಕ್ಕ

ಅದು ನಿಜ. ಒಂದು ಮಾತು ಸೇರಿಸುತ್ತೇನೆ. ಹದಿನೈದು ವರ್ಷದೊಳಗಿನ ಯಾವ ಮಗುವಿನ ಕೈಕಾಲು ಇದ್ದಕ್ಕಿದ್ದ ಹಾಗೆ ಸೋತರೂ ವರದಿ ಮಾಡಬೇಕಿತ್ತು, ಮಲ ಪರೀಕ್ಷೆಗೆ ಹೋಗುತ್ತಿತ್ತು. ಈಗಲೂ ಹೋಗುತ್ತದೆ. ಕಾಯಿಲೆ ಹೋದ ಮೇಲೂ ಕಾಯುವ ಕೆಲಸ ನಿಂತಿಲ್ಲ. ನಿಮ್ಮ ಘಟಕದಲ್ಲಿ ನೀರನ್ನು ಯಾರಾದರೂ ಪರೀಕ್ಷೆ ಮಾಡಿಸುತ್ತಿದ್ದರಾ?

ಬಿಂದಿಗೆ_ಬಾಗೇಪಲ್ಲಿ

ಉದ್ಘಾಟನೆ ದಿನ ಒಂದು ರಿಪೋರ್ಟ್ ಗೋಡೆಗೆ ಅಂಟಿಸಿದ್ದರು ಅಕ್ಕ. ಅದೇ ಈಗಲೂ ಇದೆ. ಬಿಸಿಲಿಗೆ ಅಕ್ಷರ ಹೋಗಿದೆ.

ಕೆರೆ_ಕಾವಲು

ಬೆಂಗಳೂರಿನ ಕಥೆ ಕೇಳಿ. 1999ರಲ್ಲಿ ಎಸ್.ಎಂ. ಕೃಷ್ಣ ಮುಖ್ಯಮಂತ್ರಿ ಆಗಿದ್ದಾಗ ಬಿಎಟಿಎಫ್ (ಬೆಂಗಳೂರು ಅಜೆಂಡಾ ಟಾಸ್ಕ್ ಫೋರ್ಸ್) ಅಂತ ಮಾಡಿದರು, ನಂದನ್ ನಿಲೇಕಣಿ ಅಧ್ಯಕ್ಷರು. ಕಂಪನಿಯವರು, ನಾಗರಿಕರು, ಪಾಲಿಕೆ, ಜಲಮಂಡಳಿ ಎಲ್ಲಾ ಒಂದೇ ವೇದಿಕೆಯಲ್ಲಿ ಕೂತು ಲೆಕ್ಕ ಒಪ್ಪಿಸುತ್ತಿದ್ದರು. ಒಳ್ಳೆಯ ಕೆಲಸಗಳೂ ಆದವು. ಮನೆ ತೆರಿಗೆಯನ್ನು ನಾವೇ ಲೆಕ್ಕ ಹಾಕಿ ಕಟ್ಟುವ ಪದ್ಧತಿ ಬಂದಿದ್ದು ಆ ಕಾಲದಲ್ಲೇ. 2004ರಲ್ಲಿ ಸರ್ಕಾರ ಬದಲಾಯಿತು, ಅದೂ ಹೋಯಿತು. ಓಟು ಹಾಕಿಸಿಕೊಂಡ ಕಾರ್ಪೊರೇಟರುಗಳನ್ನು ಹೊರಗೆ ನಿಲ್ಲಿಸಿ ಮಾಡಿದ್ದಕ್ಕೆ ಹೀಗಾಯಿತು ಅಂತ ಆಗಲೇ ಹೇಳಿದವರಿದ್ದರು.

ಆಮೇಲೆ ಕೆರೆಗಳನ್ನೇ ಖಾಸಗಿಯವರಿಗೆ ಗುತ್ತಿಗೆ ಕೊಡಲು ಹೊರಟರು. ಹೆಬ್ಬಾಳ, ನಾಗವಾರ. ದನ ತೊಳೆಯುವವರು, ಮೀನು ಹಿಡಿಯುವವರು ಎಲ್ಲಿಗೆ ಹೋಗಬೇಕು? 2008ರಲ್ಲಿ ಎನ್ವಿರಾನ್ಮೆಂಟ್ ಸಪೋರ್ಟ್ ಗ್ರೂಪ್ ಎಂಬ ಸಂಸ್ಥೆಯವರು ಹೈಕೋರ್ಟಿಗೆ ಹೋದರು. ಅಲ್ಲಿಂದ ಕೆರೆಗಳನ್ನು ಉಳಿಸಲು ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಸಮಿತಿ ಬಂತು.

ಜಕ್ಕೂರು ಕೆರೆ ಬೇರೆ ಥರ. ಜಲಮಂಡಳಿಯ ಘಟಕದಲ್ಲಿ ಕೊಳಚೆ ನೀರು ಸೋಸುತ್ತದೆ, ಅದು ಆಪು ಹುಲ್ಲಿನ ಜೌಗಿನಲ್ಲಿ ಹಾದು ಕೆರೆಗೆ ಬರುತ್ತದೆ. ಸುತ್ತಮುತ್ತಲಿನ ಜನರ ಟ್ರಸ್ಟ್ ದಿನಾ ಕಣ್ಣಿಡುತ್ತದೆ. ಮೀನುಗಾರರೂ ಇದ್ದಾರೆ. ಬೆಳಿಗ್ಗೆ ವಾಕಿಂಗ್ ಹೋಗುವ ಅಜ್ಜಂದಿರಿಗಿಂತ ದೊಡ್ಡ ಮೇಲ್ವಿಚಾರಣಾ ಸಮಿತಿ ನಾನಂತೂ ನೋಡಿಲ್ಲ. ನೀರಿನ ಬಣ್ಣ ಒಂದಿಷ್ಟು ಬದಲಾದರೂ ಗಲಾಟೆ.

ಟೀ_ಅಂಗಡಿ

ಜಕ್ಕೂರಿನಲ್ಲಿ ಪೆಲಿಕನ್ ಬಂದಿದೆಯಾ ಈ ಸಲ?

ಕೆರೆ_ಕಾವಲು

ಬಂದಿವೆ. ವಿಷಯಕ್ಕೆ ಬನ್ನಿ.

ಕಂಪಾಲಾ_ಕನ್ನಡಿಗ

ಉಗಾಂಡದಿಂದ ಬರೆಯುತ್ತಿದ್ದೇನೆ. ಔಷಧ ಸಾಗಣೆ ಕೆಲಸ ನನ್ನದು, ಮೂಲ ಊರು ಶಿರಾ. ಹುಬ್ಬಳ್ಳಿಯವರು ಕಂಪನಿ ಅಂದರೆ ಫೋಟೋ ಅಂದರು. ಯಾವಾಗಲೂ ಹಾಗಲ್ಲ.

ಇಲ್ಲಿ ನದಿ ದಂಡೆಯ ಕಪ್ಪು ನೊಣ ಕಚ್ಚಿ ಒಂದು ಹುಳು ಮೈ ಸೇರುತ್ತದೆ. ಮೊದಲು ತುರಿಕೆ, ಆಮೇಲೆ ಕಣ್ಣೇ ಹೋಗುತ್ತದೆ. ನದಿಗುರುಡು ಅನ್ನಬಹುದು. 1987ರಲ್ಲಿ ಮರ್ಕ್ ಕಂಪನಿ ಇದರ ಮಾತ್ರೆಯನ್ನು ಪುಕ್ಕಟೆ ಕೊಡುತ್ತೇವೆ, ಬೇಕಾದಷ್ಟು ಕೊಡುತ್ತೇವೆ, ಬೇಕಾದಷ್ಟು ಕಾಲ ಕೊಡುತ್ತೇವೆ ಎಂದಿತು. ಈ "ಕಾಲ" ಅನ್ನುವುದೇ ಮುಖ್ಯ. ಮಾತ್ರೆ ಮರಿಹುಳು ಕೊಲ್ಲುತ್ತದೆ, ತಾಯಿಹುಳು ಸಾಯುವುದಿಲ್ಲ. ಅದು ಹತ್ತು ಹದಿನೈದು ವರ್ಷ ಬದುಕುತ್ತದೆ. ಅಷ್ಟು ವರ್ಷವೂ ಮಾತ್ರೆ ನುಂಗಬೇಕು. ಮೂರು ವರ್ಷದ ಪ್ರಾಜೆಕ್ಟ್ ಮಾಡಿದ್ದರೆ ನಾಲ್ಕನೇ ವರ್ಷ ಹುಳು ನಗುತ್ತಿತ್ತು.

ಹಂಚುವುದು ಹೇಗೆ ಗೊತ್ತಾ? ಡಾಕ್ಟರ್ ಇಲ್ಲ, ತಕ್ಕಡಿ ಇಲ್ಲ. ಊರಿನವರೇ ಸೇರಿ ತಮ್ಮಲ್ಲೊಬ್ಬರನ್ನು ಆರಿಸುತ್ತಾರೆ. ಅವರ ಕೈಯಲ್ಲಿ ಗೆರೆ ಎಳೆದ ಒಂದು ಕೋಲು. ಎದುರು ನಿಲ್ಲಿಸಿ ಎತ್ತರ ನೋಡಿ, ಯಾವ ಗೆರೆಗೆ ತಲೆ ಮುಟ್ಟಿತೋ ಅಷ್ಟು ಮಾತ್ರೆ. ಮೊದಲ ಗೆರೆಗಿಂತ ಗಿಡ್ಡ ಇರುವ ಮಗುವಿಗೆ ಇಲ್ಲ. ನಾನು ನೋಡಿದ ಊರಲ್ಲಿ ಕೋಲು ಒಬ್ಬ ಹೆಂಗಸಿನ ಮನೆಯ ಮೂಲೆಯಲ್ಲಿ ಪೊರಕೆ ಪಕ್ಕ ಇರುತ್ತಿತ್ತು. ಕೊಲಂಬಿಯಾದಲ್ಲಿ ಈ ಕಾಯಿಲೆ ಪೂರ್ತಿ ಹೋಗಿದೆ, 2013ರಲ್ಲಿ ಘೋಷಿಸಿದರು. ಆಫ್ರಿಕಾದಲ್ಲಿ ಮೊದಲು ನೈಜರ್, 2025ರಲ್ಲಿ.

ಕಂಪನಿ ಮಾತ್ರೆ ಕೊಟ್ಟಿತು, ಸರ್ಕಾರ ತಂದು ಮುಟ್ಟಿಸಿತು, ಸಂಸ್ಥೆಗಳು ಕಲಿಸಿದವು. ಕೋಲು ಮಾತ್ರ ಊರಿನದ್ದು. ನಿಮ್ಮ ಘಟಕದಲ್ಲಿ ಊರಿನದ್ದು ಅಂತ ಏನಿತ್ತು?

ಬಿಂದಿಗೆ_ಬಾಗೇಪಲ್ಲಿ

ಈ ಪ್ರಶ್ನೆ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಏನೂ ಇರಲಿಲ್ಲ ಸರ್. ಕಾಯಿನ್ ಡಬ್ಬಿಯ ಬೀಗದ ಕೈ ಕೂಡ ಆ ಹುಡುಗನ ಹತ್ತಿರವೇ ಇತ್ತು. ಈಗಲೂ ಅವನ ಹತ್ತಿರವೇ ಇದೆ.

ಲೆಕ್ಕದ_ಮೇಷ್ಟ್ರು

ಕಾಯಿನ್ ಅಂದ ಕೂಡಲೇ ಕೈ ಕಡಿಯಿತು. ದಿನಕ್ಕೆ ಎಷ್ಟು ಕ್ಯಾನ್ ಹೋಗುತ್ತಿತ್ತು? ಕರೆಂಟ್ ಬಿಲ್ ಯಾರು ಕಟ್ಟುತ್ತಿದ್ದರು?

ಬಿಂದಿಗೆ_ಬಾಗೇಪಲ್ಲಿ

ಸುಮಾರು 110 ಕ್ಯಾನ್. ಬಿಲ್ ಕಾಯಿನ್ ದುಡ್ಡಲ್ಲೇ ಕಟ್ಟುತ್ತಿದ್ದರು, ತಿಂಗಳಿಗೆ ಐದೂವರೆ ಸಾವಿರದ ಹತ್ತಿರ. ಹುಡುಗನಿಗೆ 6 ಸಾವಿರ ಸಂಬಳ. ಫಿಲ್ಟರ್ ಕ್ಯಾಟ್ರಿಜ್, ಕೆಮಿಕಲ್ಲಿಗೆ 2 ಸಾವಿರ ಎನ್ನುತ್ತಿದ್ದ. ಈಗ ಮೆಕ್ಯಾನಿಕ್ ಬಂದು ನೋಡಿ ಎರಡು ಮೆಂಬ್ರೇನ್ (ನೀರು ಸೋಸುವ ಪೊರೆ) ಹೋಗಿದೆ, 38 ಸಾವಿರ ಆಗುತ್ತದೆ ಎಂದಿದ್ದಾನೆ.

ಲೆಕ್ಕದ_ಮೇಷ್ಟ್ರು

110 ಕ್ಯಾನ್, 5 ರೂಪಾಯಿಯಂತೆ ದಿನಕ್ಕೆ 550. ತಿಂಗಳಿಗೆ 16,500. ಖರ್ಚು 13,500. ಉಳಿಯುವುದು 3,000. ವರ್ಷಕ್ಕೆ 36,000, ಮೂರು ವರ್ಷಕ್ಕೆ 1,08,000. ಮೆಂಬ್ರೇನ್ ಸವೆಯುವ ವಸ್ತು, ಮೊದಲ ದಿನವೇ ಎಲ್ಲರಿಗೂ ಗೊತ್ತಿತ್ತು. ಎರಡು ಸಲ ಬದಲಾಯಿಸಿ ಮೂವತ್ತು ಸಾವಿರ ಕೈಯಲ್ಲಿ ಉಳಿಯಬೇಕಿತ್ತು. ಆ ದುಡ್ಡು ಎಲ್ಲಿ?

ಟೀ_ಅಂಗಡಿ

ಮೇಷ್ಟ್ರು ಎದ್ದರು. ಎಲ್ಲರೂ ಬೆಂಚ್ ಮೇಲೆ ನಿಲ್ಲಿ.

ಸಿಎಸ್‌ಆರ್_ಕೂಲಿ

ಮೇಷ್ಟ್ರೇ, ಕಳ್ಳತನ ಅಂತ ಈಗಲೇ ತೀರ್ಮಾನ ಬೇಡ. ಪಂಪ್ ಸುಟ್ಟಿರಬಹುದು, ರಿಪೇರಿ ಆಗಿರಬಹುದು. ಆದರೆ ಲೆಕ್ಕ ಕೇಳುವ ಹಕ್ಕು ಖಂಡಿತ ಇದೆ. ಸಿಎಸ್‌ಆರ್ ಕೆಲಸದಲ್ಲಿ ಉಳಿದ ದುಡ್ಡು ಕಂಪನಿಯ ಲಾಭಕ್ಕೆ ಸೇರುವ ಹಾಗಿಲ್ಲ. ಅದೇ ಯೋಜನೆಗೆ ವಾಪಸ್ ಹಾಕಬೇಕು, ಇಲ್ಲವಾದರೆ ಖರ್ಚಾಗದ ಸಿಎಸ್‌ಆರ್ ಹಣದ ಖಾತೆಗೆ ಅಥವಾ ಕಾಯ್ದೆಯಲ್ಲಿ ಹೇಳಿದ ಸರ್ಕಾರಿ ನಿಧಿಗೆ ಹೋಗಬೇಕು. ಇದನ್ನು ಒಂದು ಪತ್ರದಲ್ಲಿ ಬರೆದು ಕಂಪನಿ ಸೆಕ್ರೆಟರಿಗೆ ಕಳಿಸಿ, ಸಿಎಸ್‌ಆರ್ ವಿಭಾಗಕ್ಕಲ್ಲ. ಫೋನ್ ಎತ್ತದವರು ಪತ್ರಕ್ಕೆ ಉತ್ತರ ಕೊಡುತ್ತಾರೆ. ನಮ್ಮ ಒಳಗಿನ ಗುಟ್ಟು, ಹೇಳಿಬಿಟ್ಟೆ.

ಹಳೇ_ಪಿಡಿಓ

ಇಷ್ಟು ಹೊತ್ತು ಸುಮ್ಮನಿದ್ದೆ. ಪಂಚಾಯಿತಿ ಕಡೆಯಿಂದಲೂ ಯಾರಾದರೂ ಮಾತಾಡಬೇಕಲ್ಲ.

"ನಮ್ಮ ಲೆಕ್ಕದಲ್ಲಿಲ್ಲ" ಅಂದ ಪಿಡಿಓ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಕೊಬ್ಬಿನಿಂದ ಹಾಗೆ ಹೇಳಿರಲಿಕ್ಕಿಲ್ಲ. 2021-26ರ 15ನೇ ಹಣಕಾಸು ಆಯೋಗದ ಅನುದಾನದಲ್ಲಿ 60% ನೀರು, ನೈರ್ಮಲ್ಯಕ್ಕೇ ಕಟ್ಟಿಟ್ಟ ದುಡ್ಡು. ರಿಪೇರಿಗೂ ಬಳಸಬಹುದು. ಆದರೆ ಆಸ್ತಿ ವಹಿಯಲ್ಲಿ ಇಲ್ಲದ ಯಂತ್ರಕ್ಕೆ ಒಂದು ಬೋಲ್ಟ್ ಹಾಕಿಸಿದರೂ ಆಡಿಟಿನವರು ಆಕ್ಷೇಪಣೆ ಬರೆಯುತ್ತಾರೆ. ನನ್ನ ಸರ್ವಿಸಿನಲ್ಲಿ ಇಂಥದ್ದೇ ಒಂದು ಮೋಟಾರಿನ ದುಡ್ಡು ಕೈಯಿಂದ ಕಟ್ಟಿದ್ದೇನೆ.

ನೋಡಬೇಕಾದ್ದು ಇಷ್ಟು. ಒಪ್ಪಂದದ ಪ್ರತಿ ಪಂಚಾಯಿತಿ ಕಡತದಲ್ಲಿ ಇರಲೇಬೇಕು, ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಕೊನೆಯ ಪುಟದಲ್ಲಿ "ಅವಧಿ ಮುಗಿದ ನಂತರ ಹಸ್ತಾಂತರ" ಅಂತ ಒಂದು ಸಾಲು ಇರುತ್ತದೆ. ಅದಕ್ಕೆ ಪಂಚಾಯಿತಿ ಸಾಮಾನ್ಯ ಸಭೆಯ ಠರಾವು ಆಗಿದೆಯಾ? ಬರೀ ಅಧ್ಯಕ್ಷರ ಸಹಿ ಇದ್ದರೆ ಸಾಲದು. ಠರಾವು ಮಾಡಿಸಿ, ವಹಿಗೆ ಏರಿಸಿ, ಆಮೇಲೆ ದುಡ್ಡು ತಾನಾಗಿ ದಾರಿ ಹಿಡಿಯುತ್ತದೆ. ನಡೆಸಲು ಸ್ತ್ರೀಶಕ್ತಿ ಸಂಘಕ್ಕೆ ಕೊಡಿಸಿ. ನೀರು ಹೊರುವವರು ಅವರೇ ತಾನೆ.

ಹುಬ್ಬಳ್ಳಿ_ಮಂದಿ

ಹೆಣ್ಮಕ್ಕಳ ಮೇಲೆ ಇನ್ನೊಂದು ಪುಕ್ಕಟ ಕೆಲಸ ಹೊರಸಬ್ಯಾಡ್ರಿ ಮತ್ತ. ಆ ಹುಡುಗಗ 6 ಸಾವಿರ ಇತ್ತು, ಅವರಿಗೂ ಅಷ್ಟ ಕೊಡ್ರಿ.

ಲಸಿಕೆ_ಅಕ್ಕ

ಹುಬ್ಬಳ್ಳಿಯವರ ಜೊತೆ ನೂರಕ್ಕೆ ನೂರು ಒಪ್ಪಿದ್ದು ಇದೇ ಮೊದಲು.

ಲೆಕ್ಕದ_ಮೇಷ್ಟ್ರು

ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ಶಾಲೆಗಳಲ್ಲಿ ಈಗ ವಾರಕ್ಕೆ ಆರು ದಿನ ಮೊಟ್ಟೆ. ಎರಡು ದಿನ ಸರ್ಕಾರದ್ದು, ನಾಲ್ಕು ದಿನ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನದ್ದು. 2024ರಲ್ಲಿ ಒಪ್ಪಂದ ಆಯಿತು, ಮೂರು ವರ್ಷಕ್ಕೆ 1,500 ಕೋಟಿ, ಸುಮಾರು 55 ಲಕ್ಷ ಮಕ್ಕಳು. ಬಹಳ ಒಳ್ಳೆಯ ಕೆಲಸ, ಮೊಟ್ಟೆ ದಿನ ಹಾಜರಿ ಹೇಗಿರುತ್ತದೆ ಅಂತ ಮೇಷ್ಟ್ರಾದವರಿಗೆ ಗೊತ್ತು. ಆದರೆ ಇಲ್ಲೂ ಮೂರು ವರ್ಷ. ನಾಲ್ಕನೇ ವರ್ಷ ಆ ನಾಲ್ಕು ದಿನದ ಮೊಟ್ಟೆ ಯಾವ ಬಜೆಟಿನಲ್ಲಿ ಬರುತ್ತದೆ ಅಂತ ಈಗಲೇ ಕೇಳಬೇಕಲ್ವಾ?

ಕೆರೆ_ಕಾವಲು

ಕೇಳಬೇಕು. ಒಂದು ಸಲ ಆರು ದಿನ ಕೊಟ್ಟ ಮೇಲೆ ಎರಡಕ್ಕೆ ಇಳಿಸುವ ಧೈರ್ಯ ಯಾವ ಸರ್ಕಾರಕ್ಕೂ ಬರಲಿಕ್ಕಿಲ್ಲ ಅಂತ ನನ್ನ ಲೆಕ್ಕ.

ಟೀ_ಅಂಗಡಿ

ನಮ್ಮ ಕಾಲದಲ್ಲಿ ಉಪ್ಪಿಟ್ಟು. ಅದರಲ್ಲಿ ಹುಳ ಫ್ರೀ.

ಕಂಪಾಲಾ_ಕನ್ನಡಿಗ

ಬಾಗೇಪಲ್ಲಿಯವರೇ, ಏನಾಯಿತು ಹೇಳಿ. ಆ ಬೋರ್ಡಿನ 17ನೇ ನಂಬರ್ "ಗುರಿಗಳಿಗಾಗಿ ಸಹಭಾಗಿತ್ವ", 2015ರಲ್ಲಿ ವಿಶ್ವಸಂಸ್ಥೆಯಲ್ಲಿ ಒಪ್ಪಿದ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಒಂದು. 6 ಅಂದರೆ ನೀರು. ಅಜ್ಜನಿಗೆ ಹೇಳಿ, ಬಸ್ ಅಲ್ಲ.

ಬಿಂದಿಗೆ_ಬಾಗೇಪಲ್ಲಿ (ಆರು ವಾರದ ನಂತರ)

ತಡವಾಯಿತು, ಕ್ಷಮಿಸಿ. ಅಜ್ಜನಿಗೆ ಹೇಳಿದೆ. "ಬಸ್ಸೇ ಆಗಿದ್ದರೆ ವಾಸಿಯಿತ್ತು, ಅದಾದರೂ ಸಂಜೆ ವಾಪಸ್ ಬರುತ್ತೆ" ಅಂದರು.

ಕಂಪನಿಯ ವರದಿ ನೋಡಿದೆವು. ಆಸ್ತಿಯ ಯಜಮಾನ ಅಂತ ನಮ್ಮ ಪಂಚಾಯಿತಿ ಹೆಸರು ಬರೆದಿದ್ದಾರೆ, ಪಿನ್‌ಕೋಡ್ ಸಮೇತ. ಪಂಚಾಯಿತಿಯ ವಹಿಯಲ್ಲಿ ಮಾತ್ರ ಇಲ್ಲ. ಹಳೇ ಪಿಡಿಓ ಸರ್ ಹೇಳಿದ ಹಾಗೆಯೇ, ಒಪ್ಪಂದಕ್ಕೆ ಅಧ್ಯಕ್ಷರ ಸಹಿ ಇದೆ, ಠರಾವು ಇಲ್ಲ. ವರದಿಯ ಪುಟ ಪ್ರಿಂಟ್ ಹಾಕಿಸಿಕೊಂಡು ಇಪ್ಪತ್ತು ಜನ ಹೆಂಗಸರು ಸಾಮಾನ್ಯ ಸಭೆಯ ದಿನ ಪಂಚಾಯಿತಿ ಮೆಟ್ಟಿಲ ಮೇಲೆ ಕೂತರು. ಠರಾವು ಆಯಿತು. ಸಂಘದ ಇಬ್ಬರು ತಲಾ ಅರ್ಧ ದಿನ ನೋಡಿಕೊಳ್ಳುತ್ತಾರೆ, ಇಬ್ಬರಿಗೂ 3 ಸಾವಿರ. ಹುಬ್ಬಳ್ಳಿಯವರಿಗೆ ಸಮಾಧಾನ ಆಗಬಹುದು.

ಕಂಪನಿಗೆ ಪತ್ರ ಹೋದ ಹನ್ನೆರಡನೇ ದಿನ ಉತ್ತರ ಬಂತು, ಲೆಕ್ಕ ತರಿಸುತ್ತೇವೆ ಅಂತ. ಲೆಕ್ಕ ಇನ್ನೂ ಬಂದಿಲ್ಲ. ಮೆಂಬ್ರೇನ್ ಬಂದಿದೆ, ಪಂಚಾಯಿತಿ ದುಡ್ಡಲ್ಲಿ. ಮೊನ್ನೆ ನೀರು ಬಂತು, ಜಿಲ್ಲಾ ಲ್ಯಾಬಿಗೆ ಬಾಟಲಿ ಕಳಿಸಿದ್ದೇವೆ ಅಕ್ಕ. ರಿಪೋರ್ಟ್ ಬರುವವರೆಗೆ ಬೀಗ ತೆಗೆಯಬೇಡಿ ಅಂತ ಸಂಘದವರೇ ಹಟ ಹಿಡಿದಿದ್ದಾರೆ.

ಲೆಕ್ಕದ_ಮೇಷ್ಟ್ರು

ಸಂತೋಷ. ಕಾಯಿನ್ ಡಬ್ಬಿ?

ಬಿಂದಿಗೆ_ಬಾಗೇಪಲ್ಲಿ

ಹುಡುಗ ಬೀಗದ ಕೈ ಕಳೆದು ಹೋಯಿತು ಎಂದ. ವೆಲ್ಡಿಂಗ್ ಅಂಗಡಿಯವನನ್ನು ಕರೆಸಿ ಒಡೆಸಿದೆವು, ಎಲ್ಲರ ಎದುರಿಗೆ. ಒಳಗೆ 1,340 ರೂಪಾಯಿ ಮತ್ತು ಹನ್ನೊಂದು ವಾಷರ್.

ಟೀ_ಅಂಗಡಿ

ವಾಷರ್ ಹಾಕಿದರೂ ನೀರು ಬರುತ್ತಿತ್ತಾ!

ಬಿಂದಿಗೆ_ಬಾಗೇಪಲ್ಲಿ

ಬರುತ್ತಿತ್ತಂತೆ. ಯಾರು ಹಾಕಿದ್ದು ಅಂತಲೂ ಗೊತ್ತಾಗಿದೆ. ಏಳನೇ ಕ್ಲಾಸಿನವನು, ನಮ್ಮನೆಯವನೇ. 55 ರೂಪಾಯಿ ಕಟ್ಟಿಸಿದ್ದೇನೆ.